ಹೊಂದಾಣಿಕೆಯ ಕೆಲಸದ ವ್ಯವಸ್ಥೆ ಮತ್ತು ನೌಕರರ ವಯಸ್ಸು: ಒಪ್ಪಿಗೆ ನೀಡುವ ಮುನ್ನ ತಿಳಿದಿರಬೇಕಾದ ಅಂಶಗಳು

1. ಪೀಠಿಕೆ

ತುಮಕೂರು ರಸ್ತೆಯ ಎಂಟನೇ ಮೈಲಿಯಿಂದ ಹೆಸರಘಟ್ಟ ರಸ್ತೆಯಲ್ಲಿ ಸಾಗಿದರೆ ಸಿಗುವ ಬಾಗಲಗುಂಟೆಯು ಪೀಣ್ಯ ಕೈಗಾರಿಕಾ ಪ್ರದೇಶದ ನೆರೆಯ ಬಡಾವಣೆಯಾಗಿದೆ. ಇಲ್ಲಿನ ಅನೇಕ ಮನೆಗಳ ದಿನಚರಿಯನ್ನು ಕಾರ್ಖಾನೆಯ ಪಾಳಿಯೇ ನಿರ್ಧರಿಸುತ್ತದೆ. ಒಂದೇ ಮನೆಯಲ್ಲಿ ತಂದೆ ಬೆಳಗಿನ ಪಾಳಿಗೆ ಲೇತ್ ಯಂತ್ರದ ಮುಂದೆ ನಿಲ್ಲುತ್ತಾರೆ, ಸೊಸೆ ಸಿದ್ಧ ಉಡುಪು ಕಾರ್ಖಾನೆಗೆ ಹೊರಡುತ್ತಾರೆ, ಮಗ ರಾತ್ರಿಯಿಡೀ ಕಂಪ್ಯೂಟರ್ ಮುಂದೆ ಕುಳಿತು ಬೆಳಿಗ್ಗೆ ಮಲಗುತ್ತಾನೆ. ನಮ್ಮ ಮೆಟ್ರೋ ಹಸಿರು ಮಾರ್ಗವು 2015ರ ಮೇ ತಿಂಗಳಲ್ಲಿ ನಾಗಸಂದ್ರದವರೆಗೆ ಮತ್ತು 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ವಿಸ್ತರಣೆಗೊಂಡ ಮೇಲೆ ಪ್ರಯಾಣದ ವೇಳೆ ಕೆಲವರಿಗೆ ಕಡಿಮೆಯಾಗಿದೆ. ಆದರೆ ಕೆಲಸದ ವೇಳೆ ಮತ್ತು ಮನೆಯ ವೇಳೆ ಹೊಂದದಿರುವ ಸಮಸ್ಯೆ ಹಾಗೆಯೇ ಉಳಿದಿದೆ.

ಈ ಸಮಸ್ಯೆಗೆ ಪರಿಹಾರವಾಗಿ ಇತ್ತೀಚಿನ ವರ್ಷಗಳಲ್ಲಿ ಹೊಂದಾಣಿಕೆಯ ಕೆಲಸದ ವ್ಯವಸ್ಥೆಯು ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಲ್ಲಿ ಮಾತ್ರವಲ್ಲದೆ ಸಣ್ಣ ಮತ್ತು ಮಧ್ಯಮ ಕೈಗಾರಿಕೆಗಳಲ್ಲಿಯೂ ಚರ್ಚೆಗೆ ಬಂದಿದೆ. ಈ ವ್ಯವಸ್ಥೆಯು ನೌಕರರಿಗೆ ಉಪಕಾರಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದೇ ಬಗೆಯ ವ್ಯವಸ್ಥೆಯು ಬೇರೆ ಬೇರೆ ವಯಸ್ಸಿನ ನೌಕರರಿಗೆ ಬೇರೆ ಬೇರೆ ಫಲ ಕೊಡುತ್ತದೆ ಎಂಬುದು ಅನೇಕರಿಗೆ ಸಹಿ ಹಾಕಿದ ಮೇಲೆಯೇ ತಿಳಿಯುತ್ತಿದೆ. ನೌಕರರು ಹಾಗೂ ಮಾಲೀಕರು ಇದನ್ನು ಮುಂಚಿತವಾಗಿ ಅರಿಯಲೆಂಬುದೇ ಈ ಲೇಖನದ ಉದ್ದೇಶ.

2. ಹೊಂದಾಣಿಕೆಯ ವ್ಯವಸ್ಥೆ ಎಂದರೇನು?

ವ್ಯವಹಾರದಲ್ಲಿ ಎಲ್ಲವನ್ನೂ ಒಂದೇ ಹೆಸರಿನಿಂದ ಕರೆಯಲಾಗುತ್ತಿದ್ದರೂ, ಇದರಲ್ಲಿ ಮೂರು ವಿಧಗಳಿವೆ.

(ಅ) ವೇಳೆಯ ಬದಲಾವಣೆ: ಕೆಲಸದ ಒಟ್ಟು ಗಂಟೆಗಳು ಅಷ್ಟೇ ಇರುತ್ತವೆ, ಆರಂಭ ಮತ್ತು ಮುಕ್ತಾಯದ ವೇಳೆ ಅಥವಾ ಪಾಳಿ ಮಾತ್ರ ಬದಲಾಗುತ್ತದೆ. ವೇತನ ಕಡಿಮೆಯಾಗುವುದಿಲ್ಲ.

(ಆ) ಸ್ಥಳದ ಬದಲಾವಣೆ: ಕೆಲಸವನ್ನು ಪೂರ್ಣವಾಗಿ ಅಥವಾ ವಾರದ ಕೆಲವು ದಿನ ಮನೆಯಿಂದಲೇ ಮಾಡುವುದು. ಸಾಮಾನ್ಯವಾಗಿ ಇದರಲ್ಲಿಯೂ ವೇತನ ಕಡಿಮೆಯಾಗುವುದಿಲ್ಲ. ಆದರೆ ಯಂತ್ರದ ಮುಂದೆ ನಿಂತು ದುಡಿಯುವವರಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ.

(ಇ) ಅವಧಿಯ ಕಡಿತ: ದಿನಕ್ಕೆ ಅರ್ಧ ಪಾಳಿ ಅಥವಾ ವಾರಕ್ಕೆ ಮೂರು ನಾಲ್ಕು ದಿನ ಮಾತ್ರ ಕೆಲಸ ಮಾಡುವುದು. ಇದರಲ್ಲಿ ವೇತನವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ.

ಮೊದಲ ಎರಡರಲ್ಲಿ ನೌಕರರು ತಮ್ಮ ಅನುಕೂಲವನ್ನಷ್ಟೇ ನೋಡಿದರೆ ಸಾಕಾಗಬಹುದು. ಮೂರನೆಯದರಲ್ಲಿ ಲೆಕ್ಕವನ್ನೂ ನೋಡಬೇಕು. ಆದ್ದರಿಂದ ಯಾವುದೇ ಪತ್ರಕ್ಕೆ ಸಹಿ ಹಾಕುವ ಮುನ್ನ ಅದು ಈ ಮೂರರಲ್ಲಿ ಯಾವುದೆಂದು ಮೊದಲು ಗುರುತಿಸಿಕೊಳ್ಳತಕ್ಕದ್ದು.

3. ಕಾನೂನಿನ ಹಿನ್ನೆಲೆ

ಕೆಲಸದ ವೇಳೆಯ ವಿಷಯದಲ್ಲಿ ಕಾರ್ಖಾನೆಗಳಿಗೆ ದೀರ್ಘಕಾಲ ಅನ್ವಯವಾಗಿದ್ದುದು 1948ರ ಕಾರ್ಖಾನೆಗಳ ಕಾಯ್ದೆ. ಅದರಂತೆ ದಿನಕ್ಕೆ 9 ಗಂಟೆ ಮತ್ತು ವಾರಕ್ಕೆ 48 ಗಂಟೆಗಳ ಮಿತಿ ಇತ್ತು. ಕೋವಿಡ್ ಸಂದರ್ಭದಲ್ಲಿ, 2020ರ ಮೇ ತಿಂಗಳಲ್ಲಿ, ರಾಜ್ಯದಲ್ಲಿ ಈ ಮಿತಿಯನ್ನು ತಾತ್ಕಾಲಿಕವಾಗಿ ದಿನಕ್ಕೆ 10 ಗಂಟೆ ಮತ್ತು ವಾರಕ್ಕೆ 60 ಗಂಟೆಗೆ ಏರಿಸಲಾಗಿತ್ತು. ಈ ಕ್ರಮವನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಯಿತು ಮತ್ತು ಜೂನ್ ತಿಂಗಳಲ್ಲಿ ಆದೇಶವನ್ನು ಹಿಂಪಡೆಯಲಾಯಿತು. 2023ರಲ್ಲಿ ರಾಜ್ಯವು ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಗಳ ಮಿತಿಗೆ ಒಳಪಟ್ಟು ಹಾಗೂ ಕಾರ್ಮಿಕರ ಲಿಖಿತ ಒಪ್ಪಿಗೆಯ ಮೇರೆಗೆ, ದಿನಕ್ಕೆ 12 ಗಂಟೆಗಳವರೆಗೆ ಕೆಲಸಕ್ಕೆ ಅವಕಾಶ ಕಲ್ಪಿಸಿತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ದೇಶದಾದ್ಯಂತ ಜಾರಿಗೆ ಬಂದವು. ಇವುಗಳ ಪೈಕಿ ಈ ಲೇಖನಕ್ಕೆ ಸಂಬಂಧಿಸಿದ ಮುಖ್ಯ ಅಂಶಗಳು ಈ ಕೆಳಕಂಡಂತಿವೆ.

(ಅ) ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020ರ 25ನೇ ಪ್ರಕರಣವು ದಿನದ ಕೆಲಸಕ್ಕೆ 8 ಗಂಟೆಗಳ ಮಿತಿಯನ್ನು ಹಾಕಿದೆ. 27ನೇ ಪ್ರಕರಣದಂತೆ ಹೆಚ್ಚುವರಿ ಅವಧಿಯ ಕೆಲಸಕ್ಕೆ ದುಪ್ಪಟ್ಟು ದರದ ವೇತನ ನೀಡಬೇಕು ಮತ್ತು ಕಾರ್ಮಿಕರ ಒಪ್ಪಿಗೆ ಇಲ್ಲದೆ ಅಂತಹ ಕೆಲಸ ಮಾಡಿಸುವಂತಿಲ್ಲ.

(ಆ) ಸದರಿ ಸಂಹಿತೆಯ 43ನೇ ಪ್ರಕರಣದಂತೆ, ಮಹಿಳೆಯರನ್ನು ಬೆಳಿಗ್ಗೆ 6ಕ್ಕೆ ಮುನ್ನ ಮತ್ತು ಸಂಜೆ 7ರ ನಂತರ ಅವರ ಒಪ್ಪಿಗೆಯ ಮೇರೆಗೆ, ಸುರಕ್ಷತೆಯ ಷರತ್ತುಗಳಿಗೆ ಒಳಪಟ್ಟು ಮಾತ್ರ ಕೆಲಸಕ್ಕೆ ನಿಯೋಜಿಸಬಹುದು.

(ಇ) ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರ 40ನೇ ಪ್ರಕರಣದಂತೆ, ಕೆಲಸದ ವೇಳೆ ಮೊದಲಾದ ಸೇವಾ ಷರತ್ತುಗಳನ್ನು ಮಾಲೀಕರು ಏಕಪಕ್ಷೀಯವಾಗಿ ಬದಲಾಯಿಸಬೇಕಾದಲ್ಲಿ ಬಾಧಿತ ಕಾರ್ಮಿಕರಿಗೆ 21 ದಿನಗಳ ಮುಂಚಿತ ಸೂಚನೆ ನೀಡತಕ್ಕದ್ದು.

ಅಂದರೆ, ಕಾನೂನಿನ ದೃಷ್ಟಿಯಲ್ಲಿ ಹೊಂದಾಣಿಕೆ ಎಂಬುದು ಇಬ್ಬರೂ ಸೇರಿ ಮಾಡಿಕೊಳ್ಳುವ ಒಪ್ಪಂದ. ಮಾಲೀಕರ ಅನುಕೂಲಕ್ಕಾಗಿ ನೌಕರರು ಮಾತ್ರ ಬಾಗುವುದನ್ನು ಹೊಂದಾಣಿಕೆ ಎನ್ನಲಾಗದು.

4. ವಯಸ್ಸಿಗೆ ಅನುಗುಣವಾಗಿ ಗಮನಿಸಬೇಕಾದ ಅಂಶಗಳು

4.1. 14 ರಿಂದ 18 ವರ್ಷದವರು

ಈ ವಯಸ್ಸಿನವರ ವಿಷಯದಲ್ಲಿ ಹೊಂದಾಣಿಕೆಗೆ ಅವಕಾಶವೇ ಕಡಿಮೆ. 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದು ನಿಷಿದ್ಧ. 1986ರ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ 14 ರಿಂದ 18 ವರ್ಷದ ಕಿಶೋರರನ್ನು ಅಪಾಯಕಾರಿ ಉದ್ಯೋಗಗಳಲ್ಲಿ ತೊಡಗಿಸುವಂತಿಲ್ಲ. ಉಳಿದ ಕೆಲಸಗಳಲ್ಲಿ ವಿಶ್ರಾಂತಿಯೂ ಸೇರಿ ದಿನಕ್ಕೆ 6 ಗಂಟೆ ಮೀರುವಂತಿಲ್ಲ. ಸಂಜೆ 7 ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಮಾಡಿಸುವಂತಿಲ್ಲ. ಹೆಚ್ಚುವರಿ ಅವಧಿಯ ಕೆಲಸವಂತೂ ಕೂಡದು. ಶಾಲೆ ಮುಗಿಸಿ ರಾತ್ರಿ ಹೊತ್ತು ಬಂದು ಕೆಲಸ ಮಾಡಲಿ ಎಂಬ ಏರ್ಪಾಡಿಗೆ ತಂದೆತಾಯಿಯರೇ ಒಪ್ಪಿದರೂ ಅದು ಕಾನೂನುಬಾಹಿರ.

4.2. ಹೊಸದಾಗಿ ಕೆಲಸಕ್ಕೆ ಸೇರಿದ ಯುವ ನೌಕರರು

ಮದುವೆಯಾಗಿಲ್ಲ, ಮನೆಯ ಜವಾಬ್ದಾರಿಯಿಲ್ಲ ಎಂಬ ಕಾರಣದಿಂದ ರಾತ್ರಿ ಪಾಳಿಗಳು ಇವರ ಪಾಲಿಗೇ ಬೀಳುವುದುಂಟು. ಹಿರಿಯರಿಗೆ ಹಗಲು ಪಾಳಿ ಕೊಟ್ಟಾಗಲೆಲ್ಲ ಆ ರಾತ್ರಿ ಯಾರ ಲೆಕ್ಕಕ್ಕೆ ಹೋಯಿತು ಎಂಬುದನ್ನು ಮಾಲೀಕರು ಪಾಳಿ ಪಟ್ಟಿಯಲ್ಲಿ ನೋಡತಕ್ಕದ್ದು. ಸದಾ ಒಂದೇ ಗುಂಪು ಅದನ್ನು ಹೊರುತ್ತಿದ್ದರೆ ಸರದಿ ಪದ್ಧತಿಯನ್ನು ಅನುಸರಿಸುವುದು ಸೂಕ್ತ.

ಮನೆಯಿಂದಲೇ ಕೆಲಸ ಮಾಡುವ ಸೌಲಭ್ಯವು 2020ರ ನಂತರ ವ್ಯಾಪಕವಾಯಿತು. ಆ ವರ್ಷದ ನವೆಂಬರ್‌ನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ಹೊರಗುತ್ತಿಗೆ ಸೇವಾ ಸಂಸ್ಥೆಗಳ ಮೇಲಿನ ನಿಬಂಧನೆಗಳನ್ನು ಸಡಿಲಿಸಿದ್ದು ಇದಕ್ಕೆ ಸಹಾಯಕವಾಯಿತು. ಆದರೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಮೂವರು ಗೆಳೆಯರೊಡನೆ ಇರುವ ಯುವಕರಿಗೆ ಮನೆಯೇ ಕಚೇರಿಯಾಗುವುದು ಸುಲಭವಲ್ಲ. ಹಿರಿಯರ ಪಕ್ಕದಲ್ಲಿ ಕುಳಿತು ಅಥವಾ ನಿಂತು ಕಲಿಯುವ ಅವಕಾಶವೂ ತಪ್ಪುತ್ತದೆ. ಕೆಲಸ ಕಲಿಯುವ ಮೊದಲ ಕೆಲವು ವರ್ಷ ಹಿರಿಯರ ವೇಳೆ ಮತ್ತು ಕಿರಿಯರ ವೇಳೆ ದಿನದಲ್ಲಿ ಕೆಲವು ಗಂಟೆಗಳಾದರೂ ಒಂದಾಗುವಂತೆ ಏರ್ಪಡಿಸುವುದು ಇಬ್ಬರಿಗೂ ಹಿತಕರ.

ನಿಗದಿತ ಅವಧಿಯ ಒಪ್ಪಂದದ ಮೇಲೆ ಸೇರುವ ಯುವಕರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಸಾಮಾಜಿಕ ಭದ್ರತಾ ಸಂಹಿತೆ, 2020ರಂತೆ ಅವರು ಐದು ವರ್ಷ ಕಾಯಬೇಕಾಗಿಲ್ಲ. ಒಂದು ವರ್ಷದ ಸೇವೆಗೇ ಪ್ರಮಾಣಾನುಸಾರ ಗ್ರಾಚ್ಯುಟಿಗೆ ಅರ್ಹರಾಗುತ್ತಾರೆ.

4.3. ಮಕ್ಕಳ ಮತ್ತು ವೃದ್ಧರ ಪಾಲನೆಯ ಹೊಣೆಯುಳ್ಳವರು

ಇವರಿಗೆ ವೇಳೆಯ ಬದಲಾವಣೆಯೇ ಹೆಚ್ಚು ಉಪಯುಕ್ತ. ಮಗುವನ್ನು ಶಾಲೆಗೆ ಬಿಟ್ಟು ಅರ್ಧ ಗಂಟೆ ತಡವಾಗಿ ಬಂದು, ಸಂಜೆ ಅರ್ಧ ಗಂಟೆ ಹೆಚ್ಚು ದುಡಿಯುವ ವ್ಯವಸ್ಥೆಯಿಂದ ಅನೇಕರು ಕೆಲಸ ಬಿಡುವುದು ತಪ್ಪುತ್ತದೆ. ಹೆರಿಗೆ ರಜೆ ಮುಗಿದ ಮೇಲೆ, ಕೆಲಸದ ಸ್ವರೂಪ ಅನುಮತಿಸಿದಲ್ಲಿ, ಪರಸ್ಪರ ಒಪ್ಪಿದ ಷರತ್ತುಗಳ ಮೇಲೆ ಮನೆಯಿಂದ ಕೆಲಸ ಮಾಡುವ ಅವಕಾಶವನ್ನು 2017ರ ತಿದ್ದುಪಡಿಯಲ್ಲಿ ಕಲ್ಪಿಸಲಾಗಿದ್ದು, ಹೊಸ ಸಂಹಿತೆಯಲ್ಲಿಯೂ ಅದು ಮುಂದುವರಿದಿದೆ. 50 ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕು ಮತ್ತು ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಬಿಡಬೇಕು.

ಅವಧಿಯ ಕಡಿತಕ್ಕೆ ಒಪ್ಪುವವರು ಕಾರ್ಮಿಕರ ರಾಜ್ಯ ವಿಮೆಯ ಲೆಕ್ಕವನ್ನು ನೋಡಿಕೊಳ್ಳತಕ್ಕದ್ದು. ಕಾಯಿಲೆಯ ನಗದು ಸೌಲಭ್ಯ ಪಡೆಯಲು ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿರಬೇಕು. ವಾರಕ್ಕೆ ಮೂರೇ ದಿನದ ವೇತನ ಪಡೆಯುವವರಿಗೆ 26 ವಾರಗಳಲ್ಲಿ ಆಗುವುದು ಸರಿಯಾಗಿ 78 ದಿನ. ವೇತನರಹಿತವಾಗಿ ಒಂದು ದಿನ ತಪ್ಪಿದರೂ ಸೌಲಭ್ಯ ಕೈತಪ್ಪಬಹುದು.

4.4. 45 ವರ್ಷ ದಾಟಿದವರು

ಯಂತ್ರದ ಮುಂದೆ ಇಪ್ಪತ್ತು ಇಪ್ಪತ್ತೈದು ವರ್ಷ ನಿಂತವರಿಗೆ ಮಂಡಿನೋವು, ದೃಷ್ಟಿಯ ತೊಂದರೆ, ರಾತ್ರಿ ಪಾಳಿಯ ನಂತರ ನಿದ್ರೆ ಬಾರದಿರುವುದು ಸಾಮಾನ್ಯ. ಹೊಸ ಸಂಹಿತೆಯಡಿ ನಿಗದಿತ ವಯಸ್ಸಿನ ನೌಕರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಗೆ ಅವಕಾಶವಿದ್ದು, ಸಂಹಿತೆಗಳು ಜಾರಿಗೆ ಬಂದಾಗ ಕೇಂದ್ರ ಸರ್ಕಾರದ ಪ್ರಕಟಣೆಯು 40 ವರ್ಷ ಮೇಲ್ಪಟ್ಟವರನ್ನು ಉಲ್ಲೇಖಿಸಿತ್ತು. ಪಾಳಿಯ ಬದಲಾವಣೆ ಕೋರುವಾಗ ಇಂತಹ ತಪಾಸಣೆಯ ವರದಿ ಆಧಾರವಾಗುತ್ತದೆ.

ಆದರೆ ವಯಸ್ಸೊಂದನ್ನೇ ನೋಡಿ ತೀರ್ಮಾನಿಸುವುದು ಸರಿಯಲ್ಲ. 55 ವರ್ಷದವರೆಲ್ಲರಿಗೂ ಹಗುರ ಕೆಲಸವೇ ಬೇಕೆಂದು ಭಾವಿಸಿ, ಕೇಳದೆಯೇ ಅವರನ್ನು ಅರ್ಧ ಪಾಳಿಗೆ ಇಳಿಸಿದರೆ ಅದು ಉಪಕಾರವಾಗದೆ ನಷ್ಟವಾಗಬಹುದು. ಈ ನಷ್ಟದ ಪ್ರಮಾಣವನ್ನು ಮುಂದಿನ ಭಾಗದಲ್ಲಿ ಅಂಕಿಗಳ ಮೂಲಕ ವಿವರಿಸಲಾಗಿದೆ.

5. ಅವಧಿ ಕಡಿತದ ಲೆಕ್ಕ: ಒಂದು ಉದಾಹರಣೆ

ಗ್ರಾಚ್ಯುಟಿಯನ್ನು ನೌಕರರು ಕೊನೆಯಲ್ಲಿ ಪಡೆಯುತ್ತಿದ್ದ ಮಾಸಿಕ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆ ಸಲ್ಲಿಸಿದ ವರ್ಷಗಳಿಂದ ಗುಣಿಸಿ ಲೆಕ್ಕ ಹಾಕಲಾಗುತ್ತದೆ. ಇಲ್ಲಿ ಗಮನಿಸಬೇಕಾದುದು "ಕೊನೆಯಲ್ಲಿ" ಎಂಬ ಪದ. ಇಡೀ ಸೇವೆಯ ಸರಾಸರಿಯನ್ನು ತೆಗೆದುಕೊಳ್ಳುವುದಿಲ್ಲ.

58 ವರ್ಷದ ಒಬ್ಬ ನೌಕರರು ಒಂದೇ ಕಾರ್ಖಾನೆಯಲ್ಲಿ 22 ವರ್ಷ ಸೇವೆ ಸಲ್ಲಿಸಿದ್ದಾರೆ ಎಂದು ಭಾವಿಸೋಣ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಅವರ ಮಾಸಿಕ ವೇತನ ರೂ. 26,000. ನಿವೃತ್ತಿಗೆ ಎರಡು ವರ್ಷ ಬಾಕಿ ಇದೆ.

(ಅ) ಪೂರ್ಣ ಪಾಳಿಯಲ್ಲಿಯೇ ಮುಂದುವರಿದು, ಅದೇ ವೇತನದಲ್ಲಿ 24 ವರ್ಷಕ್ಕೆ ನಿವೃತ್ತರಾದರೆ: 26,000 ÷ 26 × 15 = 15,000; 15,000 × 24 = ರೂ. 3,60,000.

(ಆ) ಕೊನೆಯ ಎರಡು ವರ್ಷ ಅರ್ಧ ಪಾಳಿಗೆ ಒಪ್ಪಿ ರೂ. 13,000 ವೇತನ ಪಡೆದು ನಿವೃತ್ತರಾದರೆ: 13,000 ÷ 26 × 15 = 7,500; 7,500 × 24 = ರೂ. 1,80,000.

(ಇ) 22 ವರ್ಷಕ್ಕೆ ಹಳೆಯ ವೇತನ, 2 ವರ್ಷಕ್ಕೆ ಕಡಿತಗೊಂಡ ವೇತನ ಎಂದು ಲಿಖಿತ ಒಪ್ಪಂದ ಮಾಡಿಕೊಂಡಿದ್ದರೆ: 3,30,000 + 15,000 = ರೂ. 3,45,000.

ಎರಡು ವರ್ಷ ಅರ್ಧ ವೇತನ ಪಡೆಯುವುದರಿಂದ ರೂ. 3,12,000 ಕಡಿಮೆಯಾಗುತ್ತದೆ ಎಂಬುದು ನೌಕರರಿಗೆ ತಿಳಿದಿರುತ್ತದೆ. ಅದಕ್ಕೆ ಬದಲಾಗಿ ಅವರಿಗೆ ವಿಶ್ರಾಂತಿ ದೊರೆಯುತ್ತದೆ. ಆದರೆ (ಆ) ಮತ್ತು (ಇ) ನಡುವಿನ ರೂ. 1,65,000 ವ್ಯತ್ಯಾಸವು, ಪೂರ್ಣ ಪಾಳಿಯಲ್ಲಿ ಈಗಾಗಲೇ ದುಡಿದ 22 ವರ್ಷಗಳ ಹಣ. ಒಪ್ಪಿಗೆ ಪತ್ರದಲ್ಲಿ ಒಂದು ವಾಕ್ಯ ಬರೆಯದೆ ಬಿಟ್ಟಿದ್ದರಿಂದ ಮಾತ್ರ ಅದು ಹೋಗುತ್ತದೆ. ಮಗಳ ಮದುವೆಗೆ, ಮನೆಯ ಸಾಲಕ್ಕೆ ಅಥವಾ ಶಸ್ತ್ರಚಿಕಿತ್ಸೆಗೆಂದು ಆ ಹಣವನ್ನು ನಂಬಿಕೊಂಡಿದ್ದ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ.

ಅಂಗವೈಕಲ್ಯಕ್ಕೆ ಒಳಗಾಗಿ ಕಡಿಮೆ ವೇತನದ ಕೆಲಸಕ್ಕೆ ಬದಲಾದವರಿಗೆ ಕಾನೂನೇ (ಇ) ಮಾದರಿಯ ರಕ್ಷಣೆ ನೀಡಿದೆ. ಉಳಿದವರು ಅದನ್ನು ಒಪ್ಪಂದದ ಮೂಲಕ ಪಡೆಯಬೇಕಾಗುತ್ತದೆ. ಕಾನೂನು ನಿಗದಿಪಡಿಸಿದ್ದಕ್ಕಿಂತ ಉತ್ತಮ ಷರತ್ತುಗಳನ್ನು ಒಪ್ಪಂದದಲ್ಲಿ ಸೇರಿಸಲು ಯಾವ ಅಡ್ಡಿಯೂ ಇಲ್ಲ.

ಈಗ ಇದೇ ಅರ್ಧ ಪಾಳಿಯ ಎರಡು ವರ್ಷಗಳನ್ನು 34ನೇ ವಯಸ್ಸಿನಲ್ಲಿ ತೆಗೆದುಕೊಂಡವರನ್ನು ನೋಡೋಣ. ಅವರು ಪುನಃ ಪೂರ್ಣ ಪಾಳಿಗೆ ಮರಳಿ, ಪೂರ್ಣ ವೇತನದಲ್ಲಿ ನಿವೃತ್ತರಾದರೆ, ಸೇವೆ ನಿರಂತರವಾಗಿದ್ದಲ್ಲಿ, ಗ್ರಾಚ್ಯುಟಿಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಅವರಿಗಾಗುವ ನಷ್ಟ ಬೇರೆ: ಆ ಎರಡು ವರ್ಷಗಳ ಭವಿಷ್ಯ ನಿಧಿ ವಂತಿಗೆ ಕಡಿಮೆಯಾಗುವುದಲ್ಲದೆ, ಅದರ ಮೇಲೆ ನಿವೃತ್ತಿಯವರೆಗೆ ಬೆಳೆಯಬೇಕಿದ್ದ ಚಕ್ರಬಡ್ಡಿಯೂ ತಪ್ಪುತ್ತದೆ. ಒಂದೇ ವ್ಯವಸ್ಥೆಯಾದರೂ ಕಿರಿಯರ ನಷ್ಟ ಭವಿಷ್ಯ ನಿಧಿಯಲ್ಲಿ, ಹಿರಿಯರ ನಷ್ಟ ಗ್ರಾಚ್ಯುಟಿಯಲ್ಲಿ.

ಪಿಂಚಣಿಯ ವಿಷಯ: 1995ರ ನೌಕರರ ಪಿಂಚಣಿ ಯೋಜನೆಯಲ್ಲಿ 2014ರ ಸೆಪ್ಟೆಂಬರ್ 1ರಿಂದ ಕೊನೆಯ 60 ತಿಂಗಳುಗಳ ವೇತನದ ಸರಾಸರಿಯನ್ನು ಪರಿಗಣಿಸುವ ಕ್ರಮ ಬಂದಿತು, ವೇತನದ ಮಿತಿಯನ್ನು ರೂ. 15,000ಕ್ಕೆ ನಿಗದಿಪಡಿಸಲಾಯಿತು. ಆ ಮಿತಿಯಂತೆ ಲೆಕ್ಕ ಹಾಕಿದಲ್ಲಿ, 56ನೇ ವಯಸ್ಸಿನಿಂದ 58ರವರೆಗೆ ರೂ. 13,000 ವೇತನ ಪಡೆದವರ ಸರಾಸರಿ ರೂ. 14,200ಕ್ಕೆ ಇಳಿಯುತ್ತದೆ ಮತ್ತು ಪಿಂಚಣಿ ಜೀವನಪರ್ಯಂತ ಆ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಈ ಯೋಜನೆಯ ಸದಸ್ಯತ್ವವು 58ಕ್ಕೆ ಮುಗಿಯುವುದರಿಂದ, 58 ತುಂಬಿದ ಮೇಲೆ ಅವಧಿ ಕಡಿತ ಪಡೆದರೆ ಪಿಂಚಣಿಗೆ ಧಕ್ಕೆಯಿಲ್ಲ. ರಾಜ್ಯದಲ್ಲಿ ಖಾಸಗಿ ಕೈಗಾರಿಕೆಗಳ ಸ್ಥಾಯಿ ಆದೇಶಗಳ ನಿಯಮಗಳಿಗೆ 2017ರಲ್ಲಿ ತಿದ್ದುಪಡಿ ತಂದು ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದ ನಂತರ ಈ ಕೊನೆಯ ಎರಡು ವರ್ಷಗಳು ಮಹತ್ವ ಪಡೆದಿವೆ. ಸಾಧ್ಯವಿದ್ದವರು ಕಡಿತವನ್ನು 58ರ ನಂತರಕ್ಕೆ ಇಟ್ಟುಕೊಳ್ಳುವುದು ಲೇಸು.

6. ಇತರ ದೇಶಗಳ ಅನುಭವ

ಈ ಸಮಸ್ಯೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಜರ್ಮನಿಯಲ್ಲಿ 1996ರ ಕಾಯ್ದೆಯಡಿ 55 ವರ್ಷ ತುಂಬಿದ ನೌಕರರು ಮಾಲೀಕರೊಡನೆ ಒಪ್ಪಂದ ಮಾಡಿಕೊಂಡು ಕೆಲಸದ ವೇಳೆಯನ್ನು ಅರ್ಧಕ್ಕೆ ಇಳಿಸಿಕೊಳ್ಳಬಹುದು. ಆ ಅರ್ಧ ವೇಳೆಯ ವೇತನಕ್ಕೆ ಮಾಲೀಕರು ಕನಿಷ್ಠ ಶೇ. 20ರಷ್ಟು ಸೇರಿಸಿ ಕೊಡುವುದಲ್ಲದೆ, ಪಿಂಚಣಿ ವಂತಿಗೆಯನ್ನೂ ಹೆಚ್ಚುವರಿಯಾಗಿ ತುಂಬಬೇಕು. ವಿಶ್ರಾಂತಿಯ ಬೆಲೆ ವೃದ್ಧಾಪ್ಯದ ಆದಾಯದ ಮೇಲೆ ಬೀಳಬಾರದೆಂಬುದು ಇದರ ಆಶಯ.

ಬ್ರಿಟನ್ನಿನಲ್ಲಿ ಹೊಂದಾಣಿಕೆಯ ವೇಳೆಯನ್ನು ಕೋರುವ ಹಕ್ಕನ್ನು 2003ರಲ್ಲಿ ಚಿಕ್ಕ ಮಕ್ಕಳ ಹಾಗೂ ಅಂಗವಿಕಲ ಮಕ್ಕಳ ತಂದೆತಾಯಿಯರಿಗೆ ನೀಡಲಾಯಿತು. 2014ರಲ್ಲಿ 26 ವಾರ ಸೇವೆ ಮುಗಿಸಿದ ಎಲ್ಲ ನೌಕರರಿಗೆ, 2024ರ ಏಪ್ರಿಲ್‌ನಿಂದ ಕೆಲಸದ ಮೊದಲ ದಿನದಿಂದಲೇ ಅದು ವಿಸ್ತರಣೆಗೊಂಡಿತು. ಒಂದು ಗುಂಪಿಗೆಂದು ಆರಂಭವಾದ ಸೌಲಭ್ಯ ಕೊನೆಗೆ ಎಲ್ಲ ವಯಸ್ಸಿನವರಿಗೂ ಬೇಕಾಯಿತು ಎಂಬುದು ಇದರಿಂದ ತಿಳಿದುಬರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಹಿರಿಯ ಕಾರ್ಮಿಕರ ಕುರಿತು 1980ರಲ್ಲಿಯೇ 162ನೇ ಶಿಫಾರಸನ್ನು ಅಂಗೀಕರಿಸಿದೆ.

7. ಒಪ್ಪಿಗೆ ಪತ್ರದಲ್ಲಿ ಇರಬೇಕಾದ ಅಂಶಗಳು

ಬಾಯಿಮಾತಿನ ಒಪ್ಪಂದವು ಮೇಲ್ವಿಚಾರಕರು ಬದಲಾದ ದಿನ ಮುಗಿಯುತ್ತದೆ. ಆದ್ದರಿಂದ ಈ ಕೆಳಕಂಡ ಅಂಶಗಳನ್ನು ಲಿಖಿತವಾಗಿ ಪಡೆದು, ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳತಕ್ಕದ್ದು.

(1) ಬದಲಾವಣೆಯು ವೇಳೆಯದೋ, ಸ್ಥಳದ್ದೋ, ಅವಧಿಯದೋ ಎಂಬ ಸ್ಪಷ್ಟ ಉಲ್ಲೇಖ.
(2) ಆರಂಭದ ದಿನಾಂಕ, ಮುಕ್ತಾಯದ ದಿನಾಂಕ ಮತ್ತು ಪೂರ್ಣ ಪಾಳಿಗೆ ಮರಳುವ ಹಕ್ಕು.
(3) ಕಡಿತಗೊಂಡ ವೇತನದ ಮೊತ್ತ ಹಾಗೂ ಭವಿಷ್ಯ ನಿಧಿ ವಂತಿಗೆಯ ಮೊತ್ತ.
(4) ಹಿಂದಿನ ಸೇವೆಗೆ ಗ್ರಾಚ್ಯುಟಿಯನ್ನು ಕಡಿತಕ್ಕೆ ಮುನ್ನ ಇದ್ದ ವೇತನದ ಮೇಲೆ ಲೆಕ್ಕ ಹಾಕಲಾಗುವುದು ಎಂಬ ವಾಕ್ಯ.
(5) ಸೇವೆಯು ನಿರಂತರವೆಂದು ಪರಿಗಣಿಸಲಾಗುವುದು ಎಂಬ ವಾಕ್ಯ. ಸೇವೆಯ ನಿರಂತರತೆಯ ಬಗ್ಗೆ ವಿವಾದ ಬಂದಾಗ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದಾರೆಯೇ ಎಂದು ನೋಡುವುದುಂಟು. ವಾರಕ್ಕೆ ನಾಲ್ಕು ದಿನ ದುಡಿಯುವವರ ಲೆಕ್ಕ 208ಕ್ಕೇ ನಿಲ್ಲುತ್ತದೆ.
(6) ಮನೆಯಿಂದ ಕೆಲಸವಾದಲ್ಲಿ, ಕೆಲಸದ ಗಂಟೆಗಳು ಮತ್ತು ವಿದ್ಯುತ್, ಅಂತರ್ಜಾಲ ವೆಚ್ಚವನ್ನು ಭರಿಸುವವರು ಯಾರೆಂಬ ವಿವರ.

8. ಮಾಲೀಕರ ಗಮನಕ್ಕೆ

ಹತ್ತು ಹದಿನೈದು ಮಂದಿ ಕೆಲಸಗಾರರಿರುವ ಸಣ್ಣ ಘಟಕದಲ್ಲಿ ಒಬ್ಬರ ವೇಳೆ ಬದಲಾದರೂ ಒಂದು ಯಂತ್ರ ನಿಲ್ಲುತ್ತದೆ ಎಂಬ ಮಾಲೀಕರ ತೊಂದರೆ ನಿಜವಾದುದೇ. ಆದರೆ ಅನುಭವಿ ಕೆಲಸಗಾರರು ಸಂಪೂರ್ಣ ಬಿಟ್ಟುಹೋದರೆ ಆಗುವ ನಷ್ಟ ಅದಕ್ಕಿಂತ ಹೆಚ್ಚು. ಅರ್ಧ ಪಾಳಿಯ ಹಿರಿಯರನ್ನು ಹೊಸಬರಿಗೆ ಕೆಲಸ ಕಲಿಸಲು ಬಳಸಿಕೊಂಡಲ್ಲಿ ಎರಡೂ ಕಡೆ ಪ್ರಯೋಜನವಿದೆ. ಕೋರಿಕೆಗಳನ್ನು ಪರಿಶೀಲಿಸುವಾಗ ವಯಸ್ಸು, ಮದುವೆ, ಮಕ್ಕಳು ಇವುಗಳ ಬದಲಿಗೆ ಕೆಲಸದ ಸ್ವರೂಪ ಮತ್ತು ಕೋರಿಕೆಯ ಕಾರಣವನ್ನು ಆಧಾರವಾಗಿಟ್ಟುಕೊಂಡರೆ ಪಕ್ಷಪಾತದ ದೂರುಗಳಿಗೆ ಆಸ್ಪದವಿರುವುದಿಲ್ಲ.

9. ಮುಕ್ತಾಯ

ಹೊಂದಾಣಿಕೆಯ ವ್ಯವಸ್ಥೆಯನ್ನು ಕೋರುವುದರಲ್ಲಿ ನೌಕರರು ಸಂಕೋಚಪಡಬೇಕಾಗಿಲ್ಲ. ಒದಗಿಸುವುದರಲ್ಲಿ ಮಾಲೀಕರು ಅನುಮಾನಿಸಬೇಕಾಗಿಲ್ಲ. ವೇಳೆ ಅಥವಾ ಸ್ಥಳ ಬದಲಾಗುವಾಗ ಅನುಕೂಲವನ್ನೂ, ಅವಧಿ ಕಡಿತವಾಗುವಾಗ ಲೆಕ್ಕವನ್ನೂ ನೋಡಬೇಕೆಂಬುದಷ್ಟೇ ಈ ಲೇಖನದ ಸಾರಾಂಶ. ವಿಶೇಷವಾಗಿ ನಿವೃತ್ತಿಗೆ ಸಮೀಪವಿರುವವರು ಮೇಲ್ಕಂಡ 7(4)ರ ವಾಕ್ಯವಿಲ್ಲದ ಪತ್ರಕ್ಕೆ ಸಹಿ ಹಾಕುವ ಮುನ್ನ ಮನೆಯವರೊಡನೆ ಕುಳಿತು, ಒಂದು ಹಾಳೆಯ ಮೇಲೆ ಲೆಕ್ಕ ಬರೆದು ನೋಡುವುದು ಒಳಿತು.

ಹೆಚ್ಚಿನ ವಿವರಗಳಿಗಾಗಿ ಸಂಬಂಧಪಟ್ಟ ವ್ಯಾಪ್ತಿಯ ಕಾರ್ಮಿಕ ಅಧಿಕಾರಿಗಳ ಕಚೇರಿಯನ್ನು, ಭವಿಷ್ಯ ನಿಧಿ ಮತ್ತು ಪಿಂಚಣಿಗೆ ಸಂಬಂಧಿಸಿದಂತೆ ಭವಿಷ್ಯ ನಿಧಿ ಸಂಘಟನೆಯ ಪ್ರಾದೇಶಿಕ ಕಚೇರಿಯನ್ನು ಸಂಪರ್ಕಿಸಬಹುದು. ಈ ಲೇಖನವು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರವಾಗಿದ್ದು, ಯಾವುದೇ ಸಂದೇಹ ಬಂದಲ್ಲಿ ಸಂಬಂಧಿಸಿದ ಸಂಹಿತೆ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ.